ಹೊಸ ಲೀಗಿನಲ್ಲಿ ಬೆಂಗಳೂರು ತಂಡದ ಮೊದಲನೆಯ ವರ್ಷ

೧

ದೇಶಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧ, ಶಾಸನ, ದೇವಾಲಯ ಇವುಗಳ ವಿಚಾರವೆಂದೇ ಬಹುಮಂದಿಯ ಭಾವನೆ. ಆದರೆ ಒಂದು ಕಾಲದ ಜನರು ಬಿಡುವಿನ ವೇಳೆಯಲ್ಲಿ ಏನನ್ನು ನೋಡಲು ಗುಂಪುಗೂಡಿದರು, ಯಾವುದಕ್ಕಾಗಿ ಹಿಗ್ಗಿದರು, ಯಾವುದಕ್ಕಾಗಿ ಮನನೊಂದು ಮನೆಗೆ ಮರಳಿದರು ಎಂಬುದೂ ಚರಿತ್ರೆಗೆ ಸೇರಿದ ಸಂಗತಿಯೇ. ಮಾನಸೋಲ್ಲಾಸವನ್ನು ರಚಿಸಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಾಜನೀತಿಯೊಡನೆ ಮಲ್ಲವಿನೋದವನ್ನೂ ವಿಸ್ತಾರವಾಗಿ ವರ್ಣಿಸಲು ಹಿಂಜರಿಯಲಿಲ್ಲ. ಅಂಥ ಪೂರ್ವಿಕರ ನಾಡಿನಲ್ಲಿ ಕಾಲ್ಚೆಂಡಾಟದ ವೃತ್ತಾಂತವನ್ನು ಬರೆದಿಡುವುದು ಅನುಚಿತವೆನಿಸಲಾರದು.

ಬೆಂಗಳೂರು ಫುಟ್‌ಬಾಲ್ ಕ್ಲಬ್ಬೆಂಬ ವೃತ್ತಿತಂಡವು ೨೦೧೭ನೆಯ ಇಸವಿಯಲ್ಲಿ ತಾನು ಅದುವರೆಗೆ ಆಡುತ್ತಿದ್ದ ಐ-ಲೀಗನ್ನು ಬಿಟ್ಟು ಇಂಡಿಯನ್ ಸೂಪರ್ ಲೀಗನ್ನು ಸೇರಿತು. ಆ ಹೊಸ ಲೀಗಿನ ಮೊದಲನೆಯ ವರ್ಷದಲ್ಲಿಯೇ ಹತ್ತು ತಂಡಗಳ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ನಿಂತಿತು. ಎರಡನೆಯ ತಂಡಕ್ಕೂ ಅದಕ್ಕೂ ಎಂಟು ಅಂಕಗಳ ಅಂತರವಿತ್ತು. ಹೀಗಿದ್ದರೂ ಆ ವರ್ಷದ ಪ್ರಶಸ್ತಿ ಅದಕ್ಕೆ ದೊರೆಯಲಿಲ್ಲ. ನಾಲ್ಕು ತಿಂಗಳು ಎಡೆಬಿಡದೆ ಶ್ರೇಷ್ಠವಾಗಿ ನಡೆದುಕೊಂಡವನು ಗೆದ್ದವನೋ, ಕೊನೆಯ ಒಂದು ಸಂಜೆ ಮೇಲುಗೈ ಪಡೆದವನು ಗೆದ್ದವನೋ ಎಂಬ ಪ್ರಶ್ನೆಯನ್ನು ಈ ವೃತ್ತಾಂತವು ಎತ್ತುತ್ತದೆ. ಪ್ರಶ್ನೆಯು ಆಟದ ಬಯಲನ್ನು ಮೀರಿದುದಾದ ಕಾರಣ ಅದನ್ನು ಸ್ವಲ್ಪ ನಿಧಾನವಾಗಿ ವಿಚಾರಿಸುವುದು ಯುಕ್ತವಾಗಿದೆ.

೨

ಬೆಂಗಳೂರಿಗೆ ಕಾಲ್ಚೆಂಡಾಟವು ಹೊಸತಲ್ಲ. ದಂಡು ಪ್ರದೇಶದಲ್ಲಿ ಬ್ರಿಟಿಷ್ ಪಟಾಲಮುಗಳು ಆಡುತ್ತಿದ್ದ ಈ ಆಟವನ್ನು ಸುತ್ತಲಿನ ಕೇರಿಗಳ ಹುಡುಗರು ನೋಡಿ ಕಲಿತರು. ಬೊಂಬಾಯಿಯ ರೋವರ್ಸ್ ಕಪ್ಪನ್ನು ೧೯೩೭ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಗೆದ್ದಿತು. ಅದುವರೆಗೆ ಸೈನಿಕರ ತಂಡಗಳ ಪಾಲಾಗುತ್ತಿದ್ದ ಆ ಕಪ್ಪನ್ನು ಗೆದ್ದ ಮೊದಲನೆಯ ಭಾರತೀಯ ತಂಡವೇ ಅದು. ಮಾರನೆಯ ವರ್ಷವೂ ಅದೇ ತಂಡವು ಅದನ್ನು ಉಳಿಸಿಕೊಂಡಿತು. ಪ್ರಾಂತಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ಸಂಸ್ಥಾನದ ತಂಡವು ೧೯೪೬-೪೭ರಲ್ಲಿ ಗೆದ್ದಿತು. ಸ್ವತಂತ್ರ ಭಾರತದ ತಂಡವು ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಹೊಡೆದ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ತಂಡವು ೧೯೫೨-೫೩ರಲ್ಲಿಯೂ, ಬಳಿಕ ೧೯೬೭-೬೮ ಮತ್ತು ೧೯೬೮-೬೯ ಈ ಎರಡು ವರ್ಷಗಳಲ್ಲಿ ಎಡೆಬಿಡದೆಯೂ ಸಂತೋಷ್ ಟ್ರೋಫಿಯನ್ನು ತಂದಿತು.

ಅಲ್ಲಿಂದ ಮುಂದೆ ಈ ಪರಂಪರೆಯು ಬಡವಾಯಿತು. ದೊಡ್ಡ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡಗಳನ್ನು ಸಾಕಿಕೊಂಡು ಬಂದವು. ಹಗಲು ಕಾರ್ಖಾನೆಯ ಕೆಲಸ, ಸಂಜೆ ಆಟ ಎಂಬ ಆ ಏರ್ಪಾಡು ಎಷ್ಟೋ ಬಡ ಸಂಸಾರಗಳಿಗೆ ಅನ್ನವನ್ನು ಕೊಟ್ಟಿತು. ಆದರೆ ಆಟವೇ ಪೂರ್ಣಕಾಲದ ವೃತ್ತಿಯಾದ ತಂಡಗಳ ಎದುರಿನಲ್ಲಿ ಅದು ನಿಲ್ಲದಾಯಿತು. ಹಿಂದೂಸ್ಥಾನ್ ಏರೋನಾಟಿಕ್ಸ್ ತಂಡವು ೨೦೧೦ರಿಂದ ಎರಡು ವರ್ಷ ಐ-ಲೀಗಿನಲ್ಲಿ ಆಡಿ, ೨೦೧೨ರಲ್ಲಿ ಕೆಳಗಿನ ದರ್ಜೆಗೆ ಇಳಿಯಿತು. ಅದರ ಮುಂದಿನ ವರ್ಷ ದೇಶದ ಉತ್ತಮ ಲೀಗಿನಲ್ಲಿ ಕರ್ನಾಟಕದ ತಂಡವೆಂದು ಹೇಳಿಕೊಳ್ಳಲು ಒಂದೂ ಉಳಿಯಲಿಲ್ಲ. ಸಂತೋಷ್ ಟ್ರೋಫಿಯಂತೂ ೧೯೬೯ರ ಬಳಿಕ ಐವತ್ತನಾಲ್ಕು ವರ್ಷ ಈ ಕಡೆಗೆ ಮುಖ ಮಾಡಲಿಲ್ಲ.

೩

ಇಂಥ ಸ್ಥಿತಿಯಲ್ಲಿ ೨೦೧೩ನೆಯ ಜುಲೈ ತಿಂಗಳಲ್ಲಿ ಬೆಂಗಳೂರು ಫುಟ್‌ಬಾಲ್ ಕ್ಲಬ್ಬು ಹುಟ್ಟಿತು. ಅದರ ಒಡೆತನ ಜೆ.ಎಸ್.ಡಬ್ಲ್ಯು. ಉದ್ಯಮ ಸಮೂಹದ್ದು. ಮೊಳಕಾಲ್ಮೂರಿನ ಗಡಿಗೆ ತಾಗಿಕೊಂಡಿರುವ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಆ ಸಮೂಹದ ಉಕ್ಕಿನ ಕಾರ್ಖಾನೆಯಿದೆ. ಸಂಡೂರಿನ ಗುಡ್ಡಗಳ ಅದಿರು ಉಕ್ಕಾಗಿ, ಉಕ್ಕು ಹಣವಾಗಿ, ಆ ಹಣದ ಒಂದು ಅಲ್ಪಾಂಶವು ರಾಜಧಾನಿಯಲ್ಲಿ ಚೆಂಡಾಟದ ತಂಡವಾಯಿತೆಂದರೆ ತಪ್ಪಾಗಲಾರದು. ಅದೇ ಸಮೂಹವು ೨೦೧೮ರಲ್ಲಿ ಕಾರ್ಖಾನೆಯ ಬಳಿಯ ವಿಜಯನಗರ ವಸತಿಯಲ್ಲಿ ಕ್ರೀಡಾಶಿಕ್ಷಣದ ಒಂದು ದೊಡ್ಡ ಸಂಸ್ಥೆಯನ್ನೂ ತೆರೆಯಿತು.

ಕೆಳಗಿನ ದರ್ಜೆಯಿಂದ ಆಡಿ ಮೇಲೇರಿ ಬರದೆ, ಹಣ ತೆತ್ತು ನೇರವಾಗಿ ಪ್ರವೇಶ ಪಡೆದ ತಂಡವಿದು. ೧೮೮೯ರಲ್ಲಿ ಹುಟ್ಟಿದ ಮೋಹನ್ ಬಾಗಾನ್, ೧೯೨೦ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಮುಂತಾದ ಹಳೆಯ ಮನೆತನಗಳ ನಡುವೆ ಈ ಶಿಶುವಿಗೆ ಏನು ಸ್ಥಾನವೆಂದು ಹಲವರು ನಕ್ಕದ್ದುಂಟು. ೨೦೧೩ನೆಯ ಸೆಪ್ಟೆಂಬರ್ ೨೨ರಂದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಅದರ ಮೊದಲನೆಯ ಪಂದ್ಯ ಮೋಹನ್ ಬಾಗಾನ್ ತಂಡದೊಡನೆಯೇ ನಡೆದು ೧-೧ರ ಸಮದಲ್ಲಿ ಮುಗಿಯಿತು. ಆಸ್ಟ್ರೇಲಿಯದ ಷಾನ್ ರೂನಿ ಎಂಬವರು ಸಂಘದ ಪ್ರಥಮ ಗೋಲನ್ನು ಹೊಡೆದರು. ಶಿಕ್ಷಕರಾಗಿ ಬಂದಿದ್ದ ಇಂಗ್ಲೆಂಡಿನ ಆಷ್ಲಿ ವೆಸ್ಟ್‌ವುಡ್ ಆಹಾರ, ನಿದ್ರೆ, ವ್ಯಾಯಾಮ ಎಲ್ಲವನ್ನೂ ಶಿಸ್ತಿಗೆ ಒಳಪಡಿಸಿದರು. ನಾಯಕರಾದ ಸುನಿಲ್ ಛೇತ್ರಿಯವರು ೧೪ ಗೋಲು ಹೊಡೆದರು. ಹದಿಮೂರು ತಂಡಗಳ ಆ ಲೀಗಿನಲ್ಲಿ ೨೪ ಪಂದ್ಯಗಳಿಂದ ೪೭ ಅಂಕಗಳನ್ನು ಕೂಡಿಸಿ, ೨೦೧೪ನೆಯ ಏಪ್ರಿಲ್ ೨೧ರಂದು ಗೋವೆಯ ಫತೋರ್ಡದಲ್ಲಿ ಡೆಂಪೊ ತಂಡವನ್ನು ೪-೨ರಿಂದ ಸೋಲಿಸಿ, ಹುಟ್ಟಿದ ವರ್ಷವೇ ಈ ತಂಡವು ರಾಷ್ಟ್ರದ ಚಾಂಪಿಯನ್ ಆಯಿತು. ನಕ್ಕವರು ಸುಮ್ಮನಾದರು.

ಮುಂದಿನ ವರ್ಷ ಇದೇ ಲೀಗು ಬೇರೊಂದು ಪಾಠವನ್ನು ಕಲಿಸಿತು. ೨೦೧೫ನೆಯ ಮೇ ೩೧ರಂದು ಕಂಠೀರವ ಕ್ರೀಡಾಂಗಣದಲ್ಲಿ ಕೊನೆಯ ಪಂದ್ಯ. ಎದುರಾಳಿ ಮೋಹನ್ ಬಾಗಾನ್. ಬೆಂಗಳೂರು ಗೆದ್ದರೆ ಪ್ರಶಸ್ತಿ ಅದಕ್ಕೆ, ಸಮವಾದರೆ ಬಾಗಾನಿಗೆ. ಒಂದು ಗೋಲಿನಿಂದ ಮುಂದಿದ್ದ ಬೆಂಗಳೂರು, ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ಗೋಲು ಬಿಟ್ಟುಕೊಟ್ಟಿತು. ಎರಡು ಅಂಕಗಳ ಅಂತರದಲ್ಲಿ ಪ್ರಶಸ್ತಿ ಕಲ್ಕತ್ತೆಗೆ ಹೋಯಿತು. ೨೦೧೬ರಲ್ಲಿ ಮರಳಿ ಐ-ಲೀಗನ್ನು ಗೆದ್ದದ್ದಲ್ಲದೆ, ಅದೇ ವರ್ಷ ಏಷ್ಯಾ ಖಂಡದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಪ್ರಥಮ ಭಾರತೀಯ ತಂಡವೆಂಬ ಕೀರ್ತಿಯನ್ನೂ ಪಡೆಯಿತು. ನವೆಂಬರ್ ೫ರಂದು ದೋಹಾ ನಗರದಲ್ಲಿ ಇರಾಕಿನ ವಾಯುಸೇನೆಯ ತಂಡಕ್ಕೆ ಅದು ೦-೧ರಿಂದ ಸೋತಿತು. ಆಗ ಸ್ಪೇನ್ ದೇಶದ ಆಲ್ಬರ್ಟ್ ರೋಕಾ ಶಿಕ್ಷಕರಾಗಿದ್ದರು.

೪

ಇನ್ನು ಎರಡು ಲೀಗುಗಳ ವಿಷಯ. ೨೦೦೭ರಲ್ಲಿ ಆರಂಭವಾದ ಐ-ಲೀಗು ಹಳೆಯ ಪದ್ಧತಿಯದು. ಅದರಲ್ಲಿ ಪ್ರತಿಯೊಂದು ತಂಡವೂ ಉಳಿದ ಪ್ರತಿಯೊಂದರ ಸಂಗಡ ಎರಡು ಸಲ, ಒಮ್ಮೆ ತನ್ನ ಊರಿನಲ್ಲಿ, ಒಮ್ಮೆ ಅವರ ಊರಿನಲ್ಲಿ, ಆಡಬೇಕಾಗಿತ್ತು. ಗೆದ್ದರೆ ಮೂರು ಅಂಕ, ಸಮವಾದರೆ ಒಂದು, ಸೋತರೆ ಸೊನ್ನೆ. ಎಲ್ಲ ಮುಗಿದ ಮೇಲೆ ಯಾರ ಅಂಕ ಹೆಚ್ಚೋ ಅವರೇ ಚಾಂಪಿಯನ್. ೨೦೧೪ರಲ್ಲಿ ಎಂಟು ನಗರಗಳ ತಂಡಗಳಿಂದ ಆರಂಭವಾದ ಸೂಪರ್ ಲೀಗಿನಲ್ಲಿ ಅಂಕಗಳ ಎಣಿಕೆ ಇದ್ದರೂ ಅದು ಮೊದಲ ಮೆಟ್ಟಿಲು ಮಾತ್ರ. ಆ ಕಾಲದಲ್ಲಿ ಮೇಲಿನ ನಾಲ್ಕು ತಂಡಗಳು ಉಪಾಂತ್ಯಕ್ಕೆ ಹೋಗಬೇಕಾಗಿತ್ತು. ಅಲ್ಲಿ ಗೆದ್ದ ಇಬ್ಬರು ಒಂದೇ ಒಂದು ಅಂತಿಮ ಪಂದ್ಯವನ್ನು ಆಡಬೇಕಾಗಿತ್ತು. ಪಟ್ಟಿಯಲ್ಲಿ ಮೊದಲಿಗನಾದವನಿಗೂ ನಾಲ್ಕನೆಯವನಿಗೂ ಆಗ ಹೆಚ್ಚಿನ ಭೇದವೇನೂ ಉಳಿಯುತ್ತಿರಲಿಲ್ಲ. ಪ್ರೇಕ್ಷಕರ ಕುತೂಹಲವನ್ನು ಕಡೆಯ ದಿನದವರೆಗೂ ಕಾಯ್ದಿಡುವುದೇ ಈ ಕ್ರಮದ ಉದ್ದೇಶ.

ಮೊದಲ ಮೂರು ವರ್ಷ ಈ ಎರಡು ಲೀಗುಗಳು ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ನಡೆದವು. ಆ ಕಾರಣ ಬೆಂಗಳೂರಿನ ಆಟಗಾರರು ಒಂದು ಭಾಗದಲ್ಲಿ ತಮ್ಮ ತಂಡಕ್ಕೂ ಮತ್ತೊಂದು ಭಾಗದಲ್ಲಿ ಎರವಲಾಗಿ ಸೂಪರ್ ಲೀಗಿನ ಬೇರೆ ತಂಡಗಳಿಗೂ ಆಡುತ್ತಿದ್ದರು. ೨೦೧೭ರಲ್ಲಿ ಎರಡೂ ಏಕಕಾಲದಲ್ಲಿ ನಡೆಯಬೇಕೆಂದು ನಿರ್ಣಯವಾಯಿತು. ಸೂಪರ್ ಲೀಗಿಗೂ ಏಷ್ಯಾ ಖಂಡದ ಸ್ಪರ್ಧೆಗೆ ತಂಡವನ್ನು ಕಳುಹಿಸುವ ಮನ್ನಣೆ ದೊರೆಯಿತು. ಈಗ ಯಾವುದಾದರೂ ಒಂದನ್ನು ಆರಿಸಿಕೊಳ್ಳಲೇಬೇಕು. ೨೦೧೭ನೆಯ ಜೂನ್ ತಿಂಗಳಲ್ಲಿ ಬೆಂಗಳೂರೂ, ಟಾಟಾ ಉಕ್ಕಿನ ಕಂಪೆನಿಯ ಒಡೆತನದ ಜಮ್ಷೆಡ್‌ಪುರವೂ ಹೊಸ ತಂಡಗಳಾಗಿ ಸೂಪರ್ ಲೀಗನ್ನು ಸೇರಿದವು. ಎರಡು ಉಕ್ಕಿನ ಮನೆಗಳು ಒಂದೇ ದಿನ ಒಂದೇ ಬಾಗಿಲಿನಿಂದ ಒಳಹೊಕ್ಕಂತಾಯಿತು. ಐ-ಲೀಗನ್ನು ಎರಡು ಸಲ ಗೆದ್ದು ಹೆಸರಾದ ತಂಡವು ಆ ಲೀಗನ್ನೇ ತೊರೆದುದನ್ನು ಕೆಲವರು ಒಪ್ಪಲಿಲ್ಲ. ಹಣವೂ ಪ್ರೇಕ್ಷಕರೂ ಹರಿಯುವ ಕಡೆಗೆ ಹೋಗದೆ ವೃತ್ತಿತಂಡವು ಬಾಳಲಾರದೆಂದು ಉಳಿದವರು ವಾದಿಸಿದರು. ಎರಡು ಮಾತುಗಳಲ್ಲಿಯೂ ಸತ್ಯಾಂಶವಿತ್ತು.

ಈ ಪ್ರವೇಶಕ್ಕೆ ತಂಡವು ತೆತ್ತ ಬೆಲೆ ಹಣವೊಂದೇ ಅಲ್ಲ. ಹೊಸ ಲೀಗಿನ ನಿಯಮದಂತೆ ಹಿಂದಿನ ಹಿರಿಯ ಭಾರತೀಯ ಆಟಗಾರರಲ್ಲಿ ಇಬ್ಬರನ್ನು ಮಾತ್ರ ಉಳಿಸಿಕೊಳ್ಳಬಹುದಾಗಿತ್ತು. ಮಿಕ್ಕವರನ್ನು ಎಲ್ಲ ತಂಡಗಳೂ ಸರದಿಯಂತೆ ಆರಿಸಿಕೊಳ್ಳಬೇಕು. ಬೆಂಗಳೂರು ಛೇತ್ರಿಯವರನ್ನೂ ಮಣಿಪುರದ ಉದಾಂತ ಸಿಂಗರನ್ನೂ ಉಳಿಸಿಕೊಂಡಿತು. ಅದೇ ಮೇ ತಿಂಗಳಲ್ಲಿ ಕಟಕದಲ್ಲಿ ಎರಡು ಗೋಲು ಹೊಡೆದು ಫೆಡರೇಷನ್ ಕಪ್ಪನ್ನು ತಂದುಕೊಟ್ಟಿದ್ದ ಸಿ.ಕೆ. ವಿನೀತ್ ಕೇರಳದ ತಂಡಕ್ಕೆ ಹೋದರು. ಕಟ್ಟಿದ ಮನೆಯ ತೊಲೆಕಂಬಗಳನ್ನು ಬಿಚ್ಚಿ ಪುನಃ ಹೂಡುವ ಕೆಲಸವು ರೋಕಾ ಅವರಿಗೆ ಬಂದಿತು. ಗೋಲು ಕಾಯಲು ನಾರ್ವೆಯಲ್ಲಿ ಆಡುತ್ತಿದ್ದ ಗುರ್‌ಪ್ರೀತ್ ಸಿಂಗ್ ಸಂಧು, ಮುಂದಿನ ಸಾಲಿಗೆ ವೆನಿಜುವೆಲದ ಮಿಕು, ಮಧ್ಯಭಾಗಕ್ಕೆ ಆಸ್ಟ್ರೇಲಿಯದ ಎರಿಕ್ ಪಾರ್ಟಲು ಮತ್ತು ಸ್ಪೇನಿನ ಡಿಮಾಸ್ ಡೆಲ್ಗಾಡೊ ಬಂದು ಸೇರಿದರು. ರಕ್ಷಣೆಯಲ್ಲಿ ಹಳಬರಾದ ಜಾನ್ ಜಾನ್ಸನ್ ಮತ್ತು ಹುವಾನನ್ ಮುಂದುವರಿದರು.

೫

೨೦೧೭ನೆಯ ನವೆಂಬರ್ ೧೯ರಂದು ಕಂಠೀರವ ಕ್ರೀಡಾಂಗಣದಲ್ಲಿ ಹೊಸ ಲೀಗಿನ ಮೊದಲನೆಯ ಪಂದ್ಯದಲ್ಲಿ ಬೆಂಗಳೂರು ಮುಂಬಯಿಯನ್ನು ೨-೦ರಿಂದ ಸೋಲಿಸಿತು. ಎಡು ಗಾರ್ಸಿಯಾ ಮೊದಲನೆಯ ಗೋಲನ್ನೂ, ಆಟ ಮುಗಿಯುವ ಹೊತ್ತಿಗೆ ಛೇತ್ರಿಯವರು ಎರಡನೆಯದನ್ನೂ ಹೊಡೆದರು. ಒಂದು ವಾರದ ಬಳಿಕ ದೆಹಲಿಯ ಮೇಲೆ ೪-೧ರ ಜಯ. ಆದರೆ ನವೆಂಬರ್ ೩೦ರಂದು ಗೋವೆಯಲ್ಲಿ ಗೋಲು ಕಾಯುವ ಗುರ್‌ಪ್ರೀತರಿಗೆ ಕೆಂಪು ಚೀಟಿ ದೊರೆತು ಹತ್ತೇ ಜನರು ಉಳಿದರು. ಹಾಗಿದ್ದೂ ಮೂರು ಗೋಲು ಹೊಡೆದು ೩-೪ರಿಂದ ಸೋತರು. ಡಿಸೆಂಬರ್ ತಿಂಗಳಿನಲ್ಲಿ ಗುವಾಹಾಟಿಯಲ್ಲಿಯೂ ಪುಣೆಯಲ್ಲಿಯೂ ಗೆದ್ದು ಬಂದವರು ತಮ್ಮ ಊರಿನಲ್ಲಿಯೇ ಎರಡು ಸಲ ಎಡವಿದರು: ೧೭ರಂದು ಚೆನ್ನೈಯಿನ್ ತಂಡಕ್ಕೆ ೧-೨, ೨೧ರಂದು ಜಮ್ಷೆಡ್‌ಪುರಕ್ಕೆ ೦-೧. ಎರಡರಲ್ಲಿಯೂ ಪೆಟ್ಟು ಬಿದ್ದದ್ದು ಆಟದ ಕೊನೆಯ ನಿಮಿಷಗಳಲ್ಲಿ. ವರ್ಷದ ಕಡೆಯ ದಿನ ಕೊಚ್ಚಿಯಲ್ಲಿ ಕೇರಳವನ್ನು ೩-೧ರಿಂದ ಗೆದ್ದು ಸಮಾಧಾನಪಟ್ಟುಕೊಂಡರು.

ಜನವರಿಯಲ್ಲಿ ಕಲ್ಕತ್ತೆಯ ತಂಡವನ್ನು ಗೆದ್ದರೂ, ೧೪ರಂದು ದೆಹಲಿಯಲ್ಲಿ ೦-೨ರಿಂದ ಸೋಲಾಯಿತು. ಅಲ್ಲಿಗೆ ಹತ್ತು ಪಂದ್ಯಗಳು ಮುಗಿದಿದ್ದವು. ಆರು ಗೆಲುವು, ನಾಲ್ಕು ಸೋಲು, ೧೮ ಅಂಕ. ಒಳ್ಳೆಯದೇ ಹೊರತು ಅದ್ಭುತವೇನೂ ಅಲ್ಲ. ಅದೇ ತಿಂಗಳು ಎಡು ಗಾರ್ಸಿಯಾ ತಂಡವನ್ನು ಬಿಟ್ಟು ಚೀನಾ ದೇಶದ ತಂಡವೊಂದಕ್ಕೆ ಹೊರಟುಹೋದರು. ಇದರ ಮೇಲೆ ಎ.ಎಫ್.ಸಿ. ಕಪ್ಪಿನ ಅರ್ಹತೆಯ ಪಂದ್ಯಗಳು: ಮೊದಲು ಭೂತಾನದ ತಂಡದೊಡನೆ, ಬಳಿಕ ಮಾಲ್ದೀವಿನ ತಂಡದೊಡನೆ. ಹಿಮಾಲಯದ ಚಳಿಗೂ ಸಮುದ್ರದ ಬೇಗೆಗೂ ಪ್ರಯಾಣ ಮಾಡಿ, ಆ ನಡುವೆ ಲೀಗಿನ ಪಂದ್ಯಗಳನ್ನೂ ಆಡಬೇಕಾಗಿತ್ತು.

ಈ ಭಾರವೆಲ್ಲ ಬಿದ್ದ ಸಮಯದಲ್ಲಿಯೇ ತಂಡವು ನಿಜವಾದ ಸತ್ತ್ವವನ್ನು ತೋರಿತು. ಉಳಿದ ಎಂಟು ಪಂದ್ಯಗಳಲ್ಲಿ ಅದು ಒಂದನ್ನೂ ಸೋಲಲಿಲ್ಲ. ಮುಂಬಯಿಯಲ್ಲಿ ೩-೧, ನಾರ್ತ್‌ಈಸ್ಟ್ ತಂಡದ ಮೇಲೆ ೨-೧, ಕಲ್ಕತ್ತೆಯಲ್ಲಿ ೨-೦, ಚೆನ್ನೈಯಲ್ಲಿ ೩-೧, ಗೋವೆಯ ಮೇಲೆ ೨-೦, ಪುಣೆಯ ಸಂಗಡ ೧-೧, ಜಮ್ಷೆಡ್‌ಪುರದಲ್ಲಿ ೨-೦, ಕೇರಳದ ಮೇಲೆ ೨-೦. ಇಪ್ಪತ್ತನಾಲ್ಕು ಅಂಕಗಳಲ್ಲಿ ಇಪ್ಪತ್ತೆರಡು ದೊರೆತವು. ಮೊದಲ ಅರ್ಧದಲ್ಲಿ ತಮ್ಮನ್ನು ಸೋಲಿಸಿದ ಗೋವಾ, ಚೆನ್ನೈ, ಜಮ್ಷೆಡ್‌ಪುರ ಈ ಮೂವರಿಗೂ ಎರಡನೆಯ ಸಲ ಉತ್ತರ ಕೊಟ್ಟಂತಾಯಿತು. ಒಟ್ಟು ೧೮ ಪಂದ್ಯಗಳಲ್ಲಿ ೧೩ ಗೆಲುವು, ೧ ಸಮ, ೪ ಸೋಲು, ಹೊಡೆದ ಗೋಲು ೩೫, ಬಿಟ್ಟುಕೊಟ್ಟದ್ದು ೧೬, ಅಂಕ ೪೦. ಎರಡನೆಯದಾದ ಚೆನ್ನೈಯಿನ್ ತಂಡಕ್ಕೆ ೩೨. ಗೋವಾ ಮತ್ತು ಪುಣೆ ತಂಡಗಳಿಗೆ ತಲಾ ೩೦.

ಈ ಲೆಕ್ಕವನ್ನು ಇನ್ನಷ್ಟು ಒಡೆದು ನೋಡಿದರೆ ಎರಡು ಸೂಕ್ಷ್ಮಗಳು ಕಾಣಿಸುತ್ತವೆ. ಹೊರಗಿನ ಊರುಗಳಲ್ಲಿ ಆಡಿದ ಒಂಬತ್ತು ಪಂದ್ಯಗಳಿಂದ ೨೧ ಅಂಕಗಳೂ, ಸ್ವಂತ ಊರಿನ ಒಂಬತ್ತರಿಂದ ೧೯ ಅಂಕಗಳೂ ಬಂದಿದ್ದವು. ಎಂದರೆ ಪಶ್ಚಿಮದ ಕಟ್ಟೆಯಲ್ಲಿ ಎರಡು ತಾಸು ನಿಂತು ಹಾಡುವ ಅಭಿಮಾನಿಗಳ ಎದುರಿನಲ್ಲಿ ಆಡಿದುದಕ್ಕಿಂತ ಪರಸ್ಥಳದಲ್ಲಿಯೇ ತಂಡವು ಹೆಚ್ಚು ಗಳಿಸಿತ್ತು. ಎರಡನೆಯದಾಗಿ, ಉಪಾಂತ್ಯ ಮತ್ತು ಅಂತಿಮ ಪಂದ್ಯಗಳನ್ನೂ ಸೇರಿಸಿ ಆ ವರ್ಷ ಲೀಗಿನಲ್ಲಿ ತಂಡವು ಹೊಡೆದ ೪೦ ಗೋಲುಗಳಲ್ಲಿ ೧೫ ಮಿಕು ಅವರವು, ೧೪ ಛೇತ್ರಿಯವರವು. ನಾಲ್ಕರಲ್ಲಿ ಮೂರು ಪಾಲಿನಷ್ಟು ಭಾರವನ್ನು ಇಬ್ಬರೇ ಹೊತ್ತಿದ್ದರು. ಬಲವೂ ಅದೇ, ಅಪಾಯವೂ ಅದೇ.

೬

ಉಪಾಂತ್ಯದಲ್ಲಿ ಪುಣೆ ಎದುರಾಯಿತು. ಮಾರ್ಚ್ ೭ರಂದು ಪುಣೆಯಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ೧೧ರಂದು ಬೆಂಗಳೂರಿನಲ್ಲಿ ಛೇತ್ರಿಯವರು ಮೂರು ಗೋಲು ಹೊಡೆದು ೩-೧ರಿಂದ ಗೆಲ್ಲಿಸಿದರು. ಅಂತಿಮ ಪಂದ್ಯವು ೨೦೧೮ನೆಯ ಮಾರ್ಚ್ ೧೭ರಂದು ಕಂಠೀರವ ಕ್ರೀಡಾಂಗಣದಲ್ಲಿಯೇ ಏರ್ಪಟ್ಟಿತು. ಎದುರಾಳಿ ಇಂಗ್ಲೆಂಡಿನ ಜಾನ್ ಗ್ರೆಗರಿ ಅವರು ಪಳಗಿಸಿದ ಚೆನ್ನೈಯಿನ್ ತಂಡ. ಪಟ್ಟಿಯ ಮೊದಲನೆಯದಕ್ಕೂ ಎರಡನೆಯದಕ್ಕೂ ನಡೆದ ಕಾಳಗವದು.

ಒಂಬತ್ತನೆಯ ನಿಮಿಷದಲ್ಲಿ ಉದಾಂತ ಸಿಂಗರು ಬಲಗಡೆಯಿಂದ ತಂದುಕೊಟ್ಟ ಚೆಂಡನ್ನು ಛೇತ್ರಿಯವರು ಮುಂದಕ್ಕೆ ಚಿಮ್ಮಿ ತಲೆಯಿಂದ ಗೋಲಿಗೆ ಸೇರಿಸಿದರು. ಕ್ರೀಡಾಂಗಣವೆಲ್ಲ ನೀಲಿಯ ಸಮುದ್ರದಂತೆ ಉಕ್ಕಿತು. ಆದರೆ ಹದಿನೇಳನೆಯ ನಿಮಿಷದಲ್ಲಿ ಬ್ರೆಜಿಲ್ ದೇಶದ ಮೈಲ್ಸನ್ ಆಲ್ವೆಸ್ ಕಾರ್ನರ್ ಒದೆತದಿಂದ ಬಂದ ಚೆಂಡಿಗೆ ತಲೆಯೊಡ್ಡಿ ಸಮಗೊಳಿಸಿದರು. ಮೊದಲರ್ಧ ಮುಗಿಯುವ ಹೊತ್ತಿಗೆ ಅದೇ ಆಟಗಾರರು ಅದೇ ರೀತಿಯಲ್ಲಿ ಎರಡನೆಯ ಗೋಲನ್ನೂ ಹೊಡೆದರು. ವರ್ಷವೆಲ್ಲ ಕೋಟೆಯಂತಿದ್ದ ರಕ್ಷಣೆಯು ಒಂದೇ ಬಗೆಯ ದಾಳಿಗೆ ಎರಡು ಸಲ ಬಿರಿಯಿತು. ಅರವತ್ತೇಳನೆಯ ನಿಮಿಷದಲ್ಲಿ ರಫೇಲ್ ಆಗಸ್ಟೊ ದೂರದಿಂದ ಮೂರನೆಯದನ್ನು ಹೊಡೆದರು. ಹೆಚ್ಚುವರಿ ಸಮಯದಲ್ಲಿ ಮಿಕು ಒಂದನ್ನು ಮರಳಿಸಿದರಾದರೂ ಕಾಲವು ಮೀರಿತ್ತು. ೨-೩ರಿಂದ ಬೆಂಗಳೂರು ಸೋತಿತು. ಚೆನ್ನೈಯಿನ್ ತಂಡವು ಎರಡನೆಯ ಸಲ ಪ್ರಶಸ್ತಿ ಪಡೆಯಿತು. ಆ ವರ್ಷದ ಶ್ರೇಷ್ಠ ಆಟಗಾರರೆಂಬ ಮನ್ನಣೆ ಛೇತ್ರಿಯವರಿಗೆ ದೊರೆತದ್ದು ಆ ರಾತ್ರಿ ಯಾರಿಗೂ ಸಮಾಧಾನವನ್ನು ತರಲಿಲ್ಲ.

೭

ಇಲ್ಲಿ ಅನ್ಯಾಯವಾಯಿತೇ ಎಂಬುದನ್ನು ಪಕ್ಷಪಾತವಿಲ್ಲದೆ ನೋಡಬೇಕು. ನಿಯಮವು ಮೊದಲೇ ಎಲ್ಲರಿಗೂ ತಿಳಿದಿತ್ತು. ಅಂಥ ಲೀಗನ್ನು ತಾನಾಗಿ ಆರಿಸಿಕೊಂಡು ಬಂದ ತಂಡವು ಅದರ ನಿಯಮವನ್ನು ದೂರುವಂತಿಲ್ಲ. ಆ ತಂಡವು ದೂರಲೂ ಇಲ್ಲ. ಗೆದ್ದವರು ಕಪಟದಿಂದ ಗೆದ್ದವರಲ್ಲ. ಎದುರಾಳಿಯ ದುರ್ಬಲ ಸ್ಥಾನವನ್ನು ಹುಡುಕಿ, ಪರರ ಊರಿನಲ್ಲಿ, ಮೊದಲು ಹಿಂದೆ ಬಿದ್ದೂ ಗೆದ್ದರು. ಅಂಕಗಳ ಲೀಗಿನಲ್ಲಿಯೂ ೨೦೧೫ರಲ್ಲಿ ಎಲ್ಲವೂ ಕೊನೆಯ ಮೂರು ನಿಮಿಷಗಳಿಗೆ ಬಂದು ನಿಂತದ್ದನ್ನು ಮೇಲೆ ಹೇಳಿದೆ. ಒಂದು ದಿನದ ಪೆಟ್ಟಿನಿಂದ ತಪ್ಪಿಸಿಕೊಳ್ಳುವ ಕ್ರಮವನ್ನು ಯಾವ ಲೀಗೂ ಕಂಡುಹಿಡಿದಿಲ್ಲ.

ಚಳ್ಳಕೆರೆಯ ಸೀಮೆಯವರಿಗೆ ಇದಕ್ಕೆ ದೂರದ ದೃಷ್ಟಾಂತ ಬೇಕಿಲ್ಲ. ೧೬೯೫ರಲ್ಲಿ ಮೊಗಲರ ಸೇನಾಪತಿ ಕಾಸಿಂಖಾನನು ದೊಡ್ಡ ಸೈನ್ಯವನ್ನೂ ಅಪಾರ ಸಾಮಗ್ರಿಯನ್ನೂ ಕಟ್ಟಿಕೊಂಡು ಬಂದು ದೊಡ್ಡೇರಿಯಲ್ಲಿ ಮರಾಠರ ಸಂತಾಜಿ ಘೋರ್ಪಡೆಯ ಮುತ್ತಿಗೆಗೆ ಸಿಕ್ಕಿಬಿದ್ದನು. ಅವನ ಸೈನ್ಯವು ಶರಣಾಯಿತು, ಅವನು ಅಲ್ಲಿಯೇ ಪ್ರಾಣಬಿಟ್ಟನು. ಸೈನ್ಯದ ಎಣಿಕೆಯ ಪಟ್ಟಿಯಲ್ಲಿ ಮೇಲಿದ್ದವನು ನಿರ್ಣಾಯಕ ಸ್ಥಳದಲ್ಲಿಯೂ ಮೇಲಿರುತ್ತಾನೆಂಬ ನಿಯಮವಿಲ್ಲ.

ಆದರೂ ಫಲವು ತಪ್ಪಿದ ಮಾತ್ರಕ್ಕೆ ಪ್ರಯತ್ನವು ಇಲ್ಲವಾಯಿತೆನ್ನುವುದು ಸರಿಯಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನವು ಇಸಿಲ ಪಟ್ಟಣದ ಅಧಿಕಾರಿಗಳಿಗೆ ಬರೆದುದು. ದೊಡ್ಡವರಿಗೆ ಮಾತ್ರವಲ್ಲ, ಅಲ್ಪನಾದವನಿಗೂ ಉದ್ಯೋಗಶೀಲತೆಯಿಂದ ಉನ್ನತವಾದ ಪದವಿ ಲಭಿಸುತ್ತದೆಂಬುದು ಅದರ ತಾತ್ಪರ್ಯಗಳಲ್ಲೊಂದು. ಪ್ರಾಕೃತದಲ್ಲಿ ‘ಪಕಮ’, ಸಂಸ್ಕೃತದಲ್ಲಿ ‘ಪ್ರಕ್ರಮ’ ಎಂಬ ಶಬ್ದವು ಆ ಉದ್ಯೋಗಶೀಲತೆಗೆ ಸಲ್ಲುತ್ತದೆ. ಆ ಶಬ್ದದಲ್ಲಿ ಒಂದು ದಿನದ ಪರಾಕ್ರಮದ ಅರ್ಥಕ್ಕಿಂತ ಹೆಜ್ಜೆಯ ಮೇಲೆ ಹೆಜ್ಜೆಯಿಡುವ ನಿರಂತರ ಯತ್ನದ ಅರ್ಥವೇ ಮುಂದಾಗಿದೆ. ದೆಹಲಿಯ ಸೋಲಿನ ಬಳಿಕ ಎಂಟು ಪಂದ್ಯಗಳನ್ನು ಸೋಲದೆ ಆಡಿದ್ದು ಪ್ರಕ್ರಮ. ಮಾರ್ಚ್ ೧೭ರ ಸಂಜೆ ಕಪ್ಪನ್ನು ಎತ್ತಿದ್ದು ಫಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ವಿದ್ಯಾವಂತರ ಮನೆಗಳಲ್ಲಿ ಈ ವಿವೇಚನೆ ನಿತ್ಯವೂ ಬೇಕಾದುದೇ. ವರ್ಷವೆಲ್ಲ ತಪ್ಪದೆ ಓದಿದ ಹುಡುಗನು ಪರೀಕ್ಷೆಯ ದಿನ ಜ್ವರದಿಂದಲೋ ಗಾಬರಿಯಿಂದಲೋ ಎಡವಿದರೆ, ಆ ಒಂದು ಕಾಗದವನ್ನು ಹಿಡಿದು ಅವನ ಯೋಗ್ಯತೆಯನ್ನು ಅಳೆಯುವವರೇ ಹೆಚ್ಚು. ಪರೀಕ್ಷೆಯೂ ಬೇಕು, ಅದಿಲ್ಲದೆ ಲೋಕವ್ಯವಹಾರ ನಡೆಯದು. ಆದರೆ ಅದರ ಪಕ್ಕದಲ್ಲಿ ವರ್ಷದ ಓದಿಗೂ ಒಂದು ಮರ್ಯಾದೆಯಿರಬೇಕು.

೮

ಲೀಗನ್ನು ನಡೆಸುವವರಿಗೂ ಈ ಮಾತು ಹೊಳೆಯದೆ ಇರಲಿಲ್ಲ. ೨೦೧೯-೨೦ನೆಯ ವರ್ಷದಿಂದ ಪಟ್ಟಿಯಲ್ಲಿ ಮೊದಲನೆಯದಾದ ತಂಡಕ್ಕೆ ಪ್ರತ್ಯೇಕವಾದ ಒಂದು ಗುರಾಣಿಯನ್ನು ಕೊಡುವ ಪದ್ಧತಿ ಆರಂಭವಾಯಿತು. ಏಷ್ಯಾ ಖಂಡದ ದೊಡ್ಡ ಸ್ಪರ್ಧೆಗೆ ಹೋಗುವ ಅವಕಾಶವೂ ಆ ಸ್ಥಾನಕ್ಕೆ ಸೇರಿತು. ಮೊದಲನೆಯ ಗುರಾಣಿ ಗೋವೆಗೆ ಹೋಯಿತು. ಬೆಂಗಳೂರಿನ ೪೦ ಅಂಕಗಳಿಗೆ ಯಾವ ಗುರಾಣಿಯೂ ಇಲ್ಲ. ಅವು ಎರಡು ವರ್ಷ ಮೊದಲೇ ಹುಟ್ಟಿದ್ದವು.

ತಂಡವು ಮಾತ್ರ ಶೋಕದಲ್ಲಿ ಕಾಲ ಕಳೆಯಲಿಲ್ಲ. ಸೋತು ಐದು ವಾರಗಳೊಳಗೆ, ೨೦೧೮ನೆಯ ಏಪ್ರಿಲ್ ೨೦ರಂದು ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ತಂಡವನ್ನು ೪-೧ರಿಂದ ಸೋಲಿಸಿ, ಆಗ ಹೊಸದಾಗಿ ಏರ್ಪಟ್ಟಿದ್ದ ಸೂಪರ್ ಕಪ್ಪನ್ನು ಗೆದ್ದಿತು. ರೋಕಾ ಅವರ ಬಳಿಕ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಶಿಕ್ಷಕರಾದರು. ಎರಡನೆಯ ವರ್ಷವೂ ತಂಡವು ಪಟ್ಟಿಯ ಮೊದಲ ಸ್ಥಾನದಲ್ಲಿಯೇ ನಿಂತಿತು. ಉಪಾಂತ್ಯದ ಮೊದಲನೆಯ ಪಂದ್ಯದಲ್ಲಿ ಗುವಾಹಾಟಿಯಲ್ಲಿ ೧-೨ರಿಂದ ಸೋತರೂ ತಮ್ಮ ಊರಿನಲ್ಲಿ ೩-೦ರಿಂದ ಗೆದ್ದು ಮುಂದುವರಿದರು. ೨೦೧೯ನೆಯ ಮಾರ್ಚ್ ೧೭ರಂದು, ಸೋತ ದಿನಕ್ಕೆ ಸರಿಯಾಗಿ ಒಂದು ವರ್ಷ ತುಂಬಿದಾಗ, ಮುಂಬಯಿಯಲ್ಲಿ ಗೋವೆಯೊಡನೆ ಅಂತಿಮ ಪಂದ್ಯ. ತೊಂಬತ್ತು ನಿಮಿಷಗಳಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಮುಂದುವರಿದ ಆಟದ ೧೧೭ನೆಯ ನಿಮಿಷದಲ್ಲಿ ರಕ್ಷಣೆಯ ಆಟಗಾರರಾದ ರಾಹುಲ್ ಭೇಕೆ, ಕಾರ್ನರ್ ಒದೆತದಿಂದ ಬಂದ ಚೆಂಡನ್ನು ತಲೆಯಿಂದ ಗೋಲಿಗೆ ಸೇರಿಸಿದರು. ಹಿಂದಿನ ವರ್ಷ ತಮ್ಮನ್ನು ಸೋಲಿಸಿದ ವಿದ್ಯೆಯಿಂದಲೇ ಈ ವರ್ಷ ಗೆದ್ದರು. ಪಟ್ಟಿಯಲ್ಲಿಯೂ ಮೊದಲಾಗಿ ಅಂತಿಮ ಪಂದ್ಯವನ್ನೂ ಗೆದ್ದ ಪ್ರಥಮ ತಂಡವೆಂಬ ಕೀರ್ತಿ ಆ ದಿನ ಬೆಂಗಳೂರಿಗೆ ಬಂದಿತು.

ಒಂದು ಕೊರತೆಯನ್ನು ಹೇಳದೆ ಬಿಡುವುದು ಚರಿತ್ರೆಗೆ ನ್ಯಾಯವಲ್ಲ. ೨೦೧೭-೧೮ರ ಆ ತಂಡದ ಮುಖ್ಯ ಆಟಗಾರರು ಮಣಿಪುರ, ಪಂಜಾಬು, ಮಹಾರಾಷ್ಟ್ರ, ಬಂಗಾಳ, ಗೋವೆಗಳಿಂದಲೂ ಹೊರದೇಶಗಳಿಂದಲೂ ಬಂದವರು. ಊರಿನ ಹೆಸರು ಬೆಂಗಳೂರಿನದು, ಕೂಗು ಬೆಂಗಳೂರಿನ ಜನರದು, ಕಾಲುಗಳು ಮಾತ್ರ ಪರಸ್ಥಳದವು. ವೃತ್ತಿತಂಡಗಳಲ್ಲಿ ಲೋಕದ ಎಲ್ಲೆಡೆಯೂ ಇದು ರೂಢಿಯೇ. ಆದರೆ ರಾಮನ್ ಅವರ ಕಾಲದಲ್ಲಿ ಬೆಂಗಳೂರಿನ ಕೇರಿಗಳಿಂದಲೇ ಒಲಿಂಪಿಕ್ಸಿಗೆ ಆಟಗಾರರು ಹೋಗುತ್ತಿದ್ದರು. ೨೦೨೩ನೆಯ ಮಾರ್ಚ್ ೪ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕದ ತಂಡವು ಮೇಘಾಲಯವನ್ನು ೩-೨ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಮರಳಿ ತಂದದ್ದು ಆ ಹಳೆಯ ಬೇರು ಒಣಗಿಲ್ಲವೆಂಬುದಕ್ಕೆ ಸಾಕ್ಷಿ.

ಕಬಡ್ಡಿ, ಖೋ-ಖೋ ಆಟಗಳಲ್ಲಿ ಪಳಗಿದ ಚಳ್ಳಕೆರೆ ಮೊಳಕಾಲ್ಮೂರುಗಳ ಹುಡುಗರಿಗೆ ಕಾಲಿನ ಚುರುಕಾಗಲಿ ಉಸಿರಿನ ಬಲವಾಗಲಿ ಕಡಮೆಯಿಲ್ಲ. ಮಳೆ ಕಡಮೆಯಾದ ಈ ಸೀಮೆಯಲ್ಲಿ ಬಯಲು ವರ್ಷದ ಬಹುಭಾಗ ಒಣಗಿಯೇ ಇರುತ್ತದೆ. ಬೇಕಾದುದು ಒಂದು ಚೆಂಡು, ಎರಡು ಜೊತೆ ಗೂಟ, ಸಂಜೆಯ ಒಂದು ಗಂಟೆ, ಹೇಳಿಕೊಡುವ ಒಬ್ಬ ಶಿಕ್ಷಕ. ಅಲ್ಲಿಂದ ಒಬ್ಬ ಹುಡುಗನು ಮುಂದೆ ಬಂದು ದೊಡ್ಡ ಲೀಗಿನಲ್ಲಿ ಆಡುವುದು ಫಲವೆನಿಸಿಕೊಳ್ಳುತ್ತದೆ. ಅದು ದೊರೆಯಬಹುದು, ದೊರೆಯದಿರಬಹುದು. ಪ್ರತಿದಿನವೂ ಸಂಜೆ ಬಯಲಿಗೆ ಬರುವುದು ಮಾತ್ರ ಅವನ ಕೈಯಲ್ಲಿದೆ. ಬಯಲನ್ನು ಅವನಿಗೆ ಉಳಿಸಿಕೊಡುವುದು ಹಿರಿಯರ ಕೈಯಲ್ಲಿದೆ.